ಕೊಯ್ದ ಹಗ್ಗ, ಕಾಸಿದ ತುದಿ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮನಿಗೆ,

ನಿನ್ನ ಹಗ್ಗ ಕೊಯ್ದವಳು ನಾನು. ಹೋದ ಬುಧವಾರ ಎಲ್ಲರೂ ಊಟಕ್ಕೆ ಎದ್ದಾಗ ಸಣ್ಣ ದೋಣಿಯಲ್ಲಿ ಹೋಗಿ, ನೀರಿಗಿಳಿದು, ಲಂಗರಿಗೆ ಕಟ್ಟಿದ್ದ ಹಗ್ಗವನ್ನು ಚಾಕುವಿನಿಂದ ಕೊಯ್ದೆ. ನೀನು ಎರಡು ವರ್ಷ ಕೂತು ಹೆಣೆದ ತೇಲುಹಾಸು ಸಂಜೆಯೊಳಗೆ ಬಂಡೆಗೆ ಬಡಿದು ಚೂರಾಯಿತು. ಗಂಟು ಬಿಚ್ಚಿಕೊಂಡಿತೆಂದು ನೀನು ಬಂದರಿನ ಅಧಿಕಾರಿಗೆ ಹೇಳಿದ್ದು ಸುಳ್ಳು. ಅದು ನಿನಗೂ ಗೊತ್ತು, ನನಗೂ ಗೊತ್ತು.

ಐದು ದಿನದಿಂದ ಎದುರುಬದುರು ಕೂತು ಉಣ್ಣುತ್ತಿದ್ದೇವೆ, ಬಾಯಿ ಬಿಡಲಾಗಲಿಲ್ಲ. ಕಟ್ಟೆ ಹತ್ತಿ ಕೂಗು ಎಂದರೆ ನನ್ನ ನಾಲಿಗೆಗೆ ತಡೆಯಿಲ್ಲ. ನಿನ್ನೆದುರು ಮಾತ್ರ ಅದು ಅಂಗುಳಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಈ ಕಾಗದ.

ಸಮುದ್ರ ಯಾರೊಬ್ಬರ ಸ್ವತ್ತೂ ಅಲ್ಲ ಎಂದು ನನ್ನ ಕರಪತ್ರಗಳಲ್ಲಿತ್ತು. ಅದನ್ನು ಈಗಲೂ ನಂಬುತ್ತೇನೆ. ಅದರ ಮೇಲೆ ಏನನ್ನಾದರೂ ಹಾಸಲು ಹೊರಟವರೆಲ್ಲ ಕಳ್ಳರು ಎಂಬುದನ್ನು ಮಾತ್ರ ನಾನೇ ಸೇರಿಸಿಕೊಂಡೆ. ನಿನ್ನ ಷೆಡ್ಡಿಗೆ ಒಂದು ದಿನವೂ ಕಾಲಿಟ್ಟು ನೋಡಲಿಲ್ಲ.

ಶನಿವಾರ ನೀನು ಬಂಡೆಗಳ ಮೇಲೆ ಚೂರು ಆರಿಸುತ್ತಿದ್ದಾಗ ನಾನು ಷೆಡ್ಡಿಗೆ ಹೋದೆ. ಪಕ್ಕಪಕ್ಕದಲ್ಲಿ ಎರಡು ತೊಟ್ಟಿ. ಒಂದರಲ್ಲಿ ಬರೀ ನೀರು, ಇನ್ನೊಂದರ ಮೇಲೆ ತೇಲುವ ಬೆಂಡಿನ ಬಿಲ್ಲೆಗಳು. ದಿನಕ್ಕೆಷ್ಟು ನೀರು ಆವಿಯಾಗಿ ಇಳಿಯಿತೆಂದು ಗೋಡೆಯುದ್ದಕ್ಕೂ ನಿನ್ನ ಸೀಮೆಸುಣ್ಣದ ಗೆರೆ. ನಿನ್ನ ಜೊತೆ ಹಗ್ಗ ಹೊಸೆಯುವ ಅಜ್ಜ ನನ್ನ ಮುಖ ನೋಡಿ ನಕ್ಕ.

"ಚಂಡಮಾರುತ ಅಂದ್ರೆ ಕುಡುಕ ಕಣಮ್ಮ. ಬಿಸಿ ಸಮುದ್ರದ ಆವಿ ಕುಡಿದಷ್ಟೂ ಅದರ ಹಾರಾಟ. ಅದು ಬರೋ ದಾರೀಲಿ ಅಂಗಡಿ ಮುಚ್ಚಿಸೋದು ನಿಮ್ಮ ಚಿಕ್ಕಮ್ಮನ ಕೆಲಸ."

ಹಾಗಾದರೆ ನಿಂತೇಹೋಗುತ್ತದೆಯೇ ಎಂದು ಕೇಳಿದೆ.

"ಎಲ್ಲಿ ನಿಲ್ಲುತ್ತೆ? ಅರ್ಧ ಅಮಲಲ್ಲಿ ಬಂದ್ರೂ ನಾಲ್ಕು ಮನೆ ಉಳಿದಾವು ಅಂತಾಳೆ ಅವಳು. ಅದೂ ಆಗುತ್ತೋ ಇಲ್ವೋ, ಕಡಲಿಗೆ ಬಿಟ್ಟೇ ನೋಡ್ಬೇಕು. ಬಿಟ್ವಿ. ಅಷ್ಟರಲ್ಲಿ ಹಿಂಗಾಯ್ತು."

ಎಂಜಿನಿಯರುಗಳು ಹಾಸಿದ ಒಂದೇ ತುಂಡಿನ ಹಾಳೆ ಮೊದಲ ಅಲೆಗೇ ಹರಿದುಹೋಗಿತ್ತಂತೆ. ಅಲೆಯ ಜೊತೆ ಜಗಳ ಬೇಡ, ಅದು ಎದ್ದಾಗ ಇದೂ ಏಳಲಿ ಎಂದು ಅಂಗೈಯಗಲದ ಬಿಲ್ಲೆಗಳನ್ನು ಸಡಿಲವಾಗಿ ಪೋಣಿಸಿದವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನೀನು. ದುಡಿಯುವ ಜನರ ಬುದ್ಧಿಶಕ್ತಿ ಎಂದು ನಾನು ಊರೂರು ಭಾಷಣ ಮಾಡುತ್ತಿದ್ದೆನಲ್ಲ, ಅದು ನನ್ನ ಮನೆಯಲ್ಲೇ ಪಾತ್ರೆ ತೊಳೆಯುತ್ತಿತ್ತು.

ಗೋಡೆಗೆ ಅಂಟಿಸಿದ ನಕ್ಷೆಯನ್ನೂ ನೋಡಿದೆ. ಹತ್ತು ಸಾಲಿಗೊಮ್ಮೆ ಖಾಲಿ ಓಣಿ. ಸಮುದ್ರಕ್ಕೆ ಮುಚ್ಚಳ ಹಾಕಿದರೆ ಮೀನು ಎಲ್ಲಿ ಉಸಿರಾಡಬೇಕು ಎಂದು ಒಮ್ಮೆ ಊಟದ ನಡುವೆ ಕೂಗಾಡಿದ್ದೆ. "ಮೊದಲು ನೀನು ಉಸಿರಾಡು ಮಾರಾಯ್ತಿ, ತುತ್ತು ನೆತ್ತಿಗೇರುತ್ತೆ" ಎಂದು ನೀರಿನ ಲೋಟ ಮುಂದಿಟ್ಟಿದ್ದೆ ನೀನು. ಆ ಓಣಿಗಳ ಪಕ್ಕದಲ್ಲಿ ನಿನ್ನ ಗುಂಡಗಿನ ಅಕ್ಷರದಲ್ಲಿ, ನೀನು ನನಗಿಟ್ಟ ಅಡ್ಡಹೆಸರಿನಲ್ಲೇ ಬರೆದಿದೆ: "ಕರಪತ್ರ ಕೇಳಿದ್ದು ಸರಿ. ದಾರಿ ಬಿಡಬೇಕು."

ನನ್ನ ಮಾತಿಗೆ ಬೆಲೆ ಕೊಟ್ಟವಳು ಊರಿನಲ್ಲಿ ನೀನೊಬ್ಬಳೇ. ನಾನು ಕೊಯ್ದದ್ದು ನಿನ್ನ ಹಗ್ಗವನ್ನೇ.

ಬುಧವಾರ ಸಂಜೆ ನೀನು ಮಾಡಿದ್ದನ್ನು ದಡದಿಂದ ನೋಡಿದ್ದೇನೆ. ಕೊಯ್ದ ಹಗ್ಗದ ತುದಿ ಎಳೆ ಬಿಚ್ಚಿಕೊಂಡು ನಿನ್ನ ಕೈಯಲ್ಲಿತ್ತು. ನೀನು ಅದನ್ನು ನೋಡಿದೆ, ಆಮೇಲೆ ಇನ್ನೂ ಆರದ ಒದ್ದೆ ಬಟ್ಟೆಯಲ್ಲಿ ನಿಂತಿದ್ದ ನನ್ನನ್ನು ನೋಡಿದೆ. ನೀನೇ ದೋಣಿಯಲ್ಲಿ ಹೋಗಿ ಲಂಗರಿನಲ್ಲಿ ಬಿಗಿಯಾಗಿಯೇ ಉಳಿದಿದ್ದ ಗಂಟನ್ನು ಬಿಚ್ಚಿ ನೀರಿಗೆಸೆದೆ. ಅಜ್ಜನ ಬೆಂಕಿಪೊಟ್ಟಣ ಕೇಳಿ ಪಡೆದು, ಹೊಸ ನೈಲಾನ್ ಹಗ್ಗಕ್ಕೆ ಮಾಡುವಂತೆ ಆ ತುದಿಯನ್ನು ಕಾಸಿ, ಉರುಟಾಗಿ ಒತ್ತಿಬಿಟ್ಟೆ. ಕೊಯ್ದ ಗುರುತು ಕರಗಿಹೋಯಿತು. "ನಿನ್ನ ಕೈ ಸೋತಿದೆ, ಮನೇಲಿ ಕೂತು ಜಡೆ ಹೆಣಿ" ಎಂದು ಅಧಿಕಾರಿ ಎಲ್ಲರೆದುರು ಹಂಗಿಸಿದಾಗ "ಹೌದು ಸಾರ್, ಗಂಟು ನಂದೇ" ಎಂದು ತಲೆ ತಗ್ಗಿಸಿದೆ. ಇಪ್ಪತ್ತಾರು ವರ್ಷದ ಹಗ್ಗದ ಕೆಲಸದಲ್ಲಿ ಒಂದು ಗಂಟೂ ಜಾರದ ಕೈ ನಿನ್ನದು. ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಬಟ್ಟೆ ಬದಲಾಯಿಸ್ಕೋ, ಶೀತ ಆಗುತ್ತೆ."

ಬರುವ ಶುಕ್ರವಾರ ಬಂದರಿನ ಸಮಿತಿ ಸೇರಿ ನಿನ್ನನ್ನು ಕೆಲಸದಿಂದ ತೆಗೆದು, ಪ್ರಯೋಗವನ್ನೇ ಕೈಬಿಡಲಿದೆ. ಗಂಟು ನಂಬಲಾಗದ್ದು ಎಂಬುದೊಂದೇ ಅವರ ಕಾರಣ. ಆ ಕಾರಣ ಸುಳ್ಳೆಂದು ನಾನು ಅಲ್ಲಿ ನಿಂತು ಹೇಳುತ್ತೇನೆ. ನನಗೆ ಏನು ಶಿಕ್ಷೆಯಾದರೂ ಆಗಲಿ. ನನ್ನನ್ನು ಉಳಿಸಲು ನಿನ್ನ ಕೈಯ ಹೆಸರನ್ನು ಕೆಡಿಸಿಕೊಳ್ಳಬೇಡ. ಆಮೇಲೆ ಕರೆದರೆ, ಬಿಲ್ಲೆ ಪೋಣಿಸಲು ಬರುತ್ತೇನೆ.

ಇಂತಿ, ತಪ್ಪು ಮಾಡಿದ ನಿನ್ನ
ಕರಪತ್ರ

ಮರೆತ ಮಾತು: ಈ ಕಾಗದದ ಇನ್ನೊಂದು ಪ್ರತಿಯನ್ನು ಬೆಳಿಗ್ಗೆಯೇ ಸಮಿತಿಯ ಅಧ್ಯಕ್ಷರ ಕೈಗೆ ಕೊಟ್ಟು ಬಂದಿದ್ದೇನೆ. ನಿನಗೆ ಮೊದಲು ತೋರಿಸಿದ್ದರೆ ನೀನು ಬೇಡ ಎನ್ನುತ್ತಿದ್ದೆ. ನಾನು ಸಂತೋಷವಾಗಿ ಒಪ್ಪಿಬಿಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಂದರು ಕಚೇರಿಯ ಎರಡನೇ ಮಹಡಿಯಲ್ಲಿ ಸಿಗೋಣ.