ತೋಳಿನ ಪಟ್ಟಿ

ಡಾಕ್ಟರಮ್ಮನವರಿಗೆ, ಮಕ್ಕಳ ತೋಳು ಅಳೆಯುವ ಹೆಂಗಸಿನ ನಮಸ್ಕಾರ.

ಇವತ್ತು ನನಗೆ ಉಪವಾಸ. ಡೇರೆ ಗುಡಿಸಿ, ಹಾಲಿನ ಲೋಟಗಳನ್ನು ಕುದಿಸಿಟ್ಟು ಬರೆಯಲು ಕೂತಿದ್ದೇನೆ. ನಿನ್ನೆ ಹಾಸಿಗೆ ಸಿಕ್ಕ ಮಗುವಿನ ತೋಳಿಗೆ ಅಳತೆಯ ಪಟ್ಟಿಯನ್ನು ಬೇಕೆಂದೇ ಬಿಗಿದಿರಾ ಎಂದು ಚೀಟಿಯಲ್ಲಿ ಕೇಳಿದ್ದೀರಿ. ಹೌದು, ಬಿಗಿದೆ.

ನಿನ್ನೆ ಆ ಮಗುವಿನ ತೋಳಿಗೆ ಸುತ್ತಿದಾಗ ಪಟ್ಟಿ ಹಳದಿ ತೋರಿಸಿತು. ಹಾಸಿಗೆ, ಹಸಿವಿನಿಂದ ತೋಳು ತೀರಾ ಸಣಕಲಾಗಿ ಕೆಂಪು ಬಂದವರಿಗೆ ಮಾತ್ರ. ಅದರ ತಾಯಿ, "ಅಕ್ಕಾ, ನಾಳೆ ಹೇಗೂ ಕೆಂಪಾಗುತ್ತಲ್ಲ, ಇವತ್ತೇ ಆಗ್ಲಿ ಬಿಡು" ಅಂದಳು. ದೇವರು ಮನ್ನಿಸುತ್ತಾನೆಂದು, ಕೆಂಪು ಬರುವಂತೆ ಒಂದು ಗೆರೆಯಷ್ಟು ಎಳೆದುಬಿಟ್ಟೆ. ಉಳಿದಿದ್ದ ಒಂದೇ ಹಾಸಿಗೆ ಅದಕ್ಕೆ ಹೋಯಿತು. ಮಧ್ಯಾಹ್ನ ನಿಜವಾಗಿಯೂ ಕೆಂಪು ಬಂದ ಹುಡುಗಿಯನ್ನು ನೆಲದ ಮೇಲೆ ಮಲಗಿಸಿದೆವು. ಇಂದು ಬೆಳಿಗ್ಗೆ ಅವಳು ತೀರಿಕೊಂಡಳು.

ಗಂಡ ಹೋದ ಮೇಲೆ ಊರಿನಲ್ಲಿ ನಾನು ಕೂತರೂ ನಿಂತರೂ ಒಂದೇ ಆಗಿತ್ತು. ಕಡಲು ದಾಟಿ ನಿಮ್ಮ ಸಂಸ್ಥೆಯ ಸೇವೆಗೆ ಸೇರಿದ ಮೇಲೆಯೇ ಬೆಳಗಾದರೆ ಏಳಲು ಒಂದು ಕಾರಣ ಸಿಕ್ಕಿದ್ದು. ಪಟ್ಟಿಯನ್ನು ಕಿತ್ತುಕೊಳ್ಳಿ, ಅದು ನ್ಯಾಯ. ಊರಿಗೆ ಮಾತ್ರ ಕಳಿಸಬೇಡಿ. ಹೊದಿಕೆ ಒಗೆಯಲಾದರೂ ಇಟ್ಟುಕೊಳ್ಳಿ.

ಇದನ್ನು ನಾನೇ ಬಂದು ಕೊಡಬೇಕಿತ್ತು. ಸತ್ತ ಹುಡುಗಿಯ ತಾಯಿ ಅತ್ತು ಅತ್ತು ನನ್ನ ಮಡಿಲಲ್ಲೇ ನಿದ್ದೆ ಹೋಗಿದ್ದಾಳೆ. ಪಟ್ಟಿಯ ವಿಷಯ ಅವಳಿಗಿನ್ನೂ ಗೊತ್ತಿಲ್ಲ. ನಿಮ್ಮ ಚೀಟಿ ತಂದ ಹುಡುಗ ಬಾಗಿಲಲ್ಲೇ ಕಾದಿದ್ದಾನೆ, ಸದ್ದು ಮಾಡದೆ ಈ ಉತ್ತರ ತೆಗೆದುಕೊಂಡು ಹೋಗಲು ಅವನಿಗೆ ಸನ್ನೆ ಮಾಡುತ್ತೇನೆ.

ಇಂತಿ,
ಮೂರನೇ ಡೇರೆಯ ಅಕ್ಕ