‘ಎತ್ತು’ ಅನ್ನೋದಕ್ಕೆ ಆ ಭಾಷೆಯಲ್ಲಿ ಏನಂತಾರೆ?

ನಮ್ಮೆಲ್ಲರ ನಾಲಿಗೆಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ತಾವು ಕಳುಹಿಸಿದ ನೋಟಿಸು ಕೈಸೇರಿತು. ತಪಾಸಣೆಯ ದಿನ ಶಾಲೆಯ ಪಡಸಾಲೆಯಲ್ಲಿ, ಮಕ್ಕಳ ಸಮ್ಮುಖದಲ್ಲಿ, ನಾನು ‘ಗಟ್ಟಿದನಿಯಲ್ಲಿ ಮನೆಮಾತನ್ನು ಬಳಸಿದ್ದು ಕಂಡುಬಂದಿದೆ’ ಎಂದೂ, ನನ್ನ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದೆಂದು ವಿವರಣೆ ನೀಡಬೇಕೆಂದೂ ಅದರಲ್ಲಿದೆ. ಅದೇ ಲಕೋಟೆಯಲ್ಲಿದ್ದ ಇನ್ನೊಂದು ಆದೇಶದಲ್ಲಿ, ನನ್ನ ಮೂರನೇ ತರಗತಿಯ ಒಬ್ಬ ಹುಡುಗಿಯನ್ನು ‘ಮಂದಗತಿಯ ಕಲಿಕೆ’ಯವಳೆಂದು ಗುರುತಿಸಿ, ಬರುವ ತಿಂಗಳಿಂದ ಹಿಂದಿನ ಕಟ್ಟಡದ ಪ್ರತ್ಯೇಕ ವಿಭಾಗಕ್ಕೆ ಕಳಿಸತಕ್ಕದ್ದು ಎಂದಿದೆ. ಮೊದಲನೆಯ ಆರೋಪವನ್ನು ಒಪ್ಪಿಕೊಂಡುಬಿಡುತ್ತೇನೆ. ಗಟ್ಟಿಯಾಗಿಯೇ ಮಾತಾಡಿದೆ, ಮನೆಮಾತಿನಲ್ಲೇ ಮಾತಾಡಿದೆ. ‘ಕಂಡುಬಂದಿದೆ’ ಎಂಬಲ್ಲಿ ಮಾತ್ರ ‘ಕೇಳಿಬಂದಿದೆ’ ಎಂಬ ತಿದ್ದುಪಡಿ ಆಗಬೇಕು. ಏಕೆಂದರೆ ವರದಿ ಬರೆದ ತಮ್ಮ ತಪಾಸಣಾಧಿಕಾರಿಗಳಿಗೆ ಆ ಹೊತ್ತಿನಲ್ಲಿ ನನ್ನನ್ನು ಕಾಣುವ ಯಾವ ಅವಕಾಶವೂ ಇರಲಿಲ್ಲ. ನಮ್ಮಿಬ್ಬರ ನಡುವೆ ಒಂದು ಬಾಗಿಲಿತ್ತು. ಎರಡನೆಯ ಆದೇಶವನ್ನು ನಾನು ಒಪ್ಪುವುದಿಲ್ಲ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಶಾಲೆಯ ಗೇಟಿನೊಳಗೆ ಕಾಲಿಟ್ಟ ಮೇಲೆ ಬೋಧನಾ ಭಾಷೆಯ ಹೊರತು ಬೇರೆ ಮಾತು ಆಡಕೂಡದೆಂಬ ಸುತ್ತೋಲೆ ಹೊರಡಿಸುವ ಮುನ್ನ ತಾವು ಶಿಕ್ಷಕರ ಅಭಿಪ್ರಾಯ ಕೇಳಿದ್ದಿರಿ. ಕೃತಜ್ಞರಾಗಿದ್ದೇವೆ. ‘ಈ ನೀತಿಯನ್ನು ನಾನು ಒಪ್ಪುತ್ತೇನೆ’, ‘ಬಹಳವಾಗಿ ಒಪ್ಪುತ್ತೇನೆ’, ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬ ಮೂರು ಚೌಕಗಳಿದ್ದವು. ಇಷ್ಟು ಉದಾರವಾದ ಆಯ್ಕೆ ನಮಗೆ ಮದುವೆಯ ವಿಷಯದಲ್ಲೂ ಸಿಕ್ಕಿರಲಿಲ್ಲ. ನಾಲ್ಕನೆಯ ಚೌಕವೊಂದನ್ನು ನಾನೇ ಗೆರೆಯೆಳೆದು ಮಾಡಿ, ‘ಸ್ವಲ್ಪ ಮಾತಾಡಬೇಕಿತ್ತು’ ಎಂದು ಬರೆದು ಕಳಿಸಿದೆ. ಆ ಹಾಳೆ ಅಸಿಂಧು ಎಂದು ವಾಪಸು ಬಂತು.

ಚೌಕದೊಳಗೆ ಹಿಡಿಸದ ಅಭಿಪ್ರಾಯಗಳು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಬೇಕಾದಷ್ಟಿವೆ. ಕಿಟಕಿಯ ಪಕ್ಕದ ಮುರುಕು ಕುರ್ಚಿಯಲ್ಲಿ ಕೂರುವ ಗಣಿತದ ಮೇಷ್ಟ್ರು ತಮ್ಮ ಸುತ್ತೋಲೆಯ ಪರ. ಅದಕ್ಕೆ ಅವರಲ್ಲಿ ಕಾರಣವೂ ಇದೆ. ಕಾಲೇಜಿನ ಮೊದಲ ವರ್ಷ ಆ ಭಾಷೆಯಲ್ಲಿ ಒಂದು ವಾಕ್ಯ ತಪ್ಪಾಗಿ ಆಡಿದ್ದಕ್ಕೆ ಇಡೀ ತರಗತಿ ನಕ್ಕಿತ್ತಂತೆ. ಆಮೇಲೆ ಮೂರು ವರ್ಷ ಅವರು ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರಂತೆ. ‘ನಮ್ಮ ಮಕ್ಳು ಹಾಗೆ ಕೂರಬಾರ್ದು ಮೇಡಂ. ಈಗ ಕಷ್ಟ ಆದ್ರೂ ಪರ್ವಾಗಿಲ್ಲ’ ಎನ್ನುತ್ತಾರೆ. ನಗುನಗುತ್ತಾ ಅವರೊಂದಿಗೆ ಜಗಳವಾಡುತ್ತೇನೆ. ಮುಖ್ಯೋಪಾಧ್ಯಾಯಿನಿಯವರ ನಿಲುವು ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು ಅವರು. ತಪಾಸಣೆ ಇದ್ದ ದಿನ ಬೋಧನಾ ಭಾಷೆ, ಇಲ್ಲದ ದಿನ ಮಕ್ಕಳಿಗೆ ಅರ್ಥವಾಗುವ ಭಾಷೆ. ಬರೆದಿಟ್ಟಿಲ್ಲದ ಈ ನೀತಿಯಿಂದಲೇ ನಮ್ಮ ಶಾಲೆ ನಡೆಯುತ್ತಿದೆ ಎಂದು ನನ್ನ ಗುಮಾನಿ.

ಇನ್ನು ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ಮನೆಯಲ್ಲಿ ಅವಳಿಗೆ ಪಿಟೀಲು ಎಂದು ಹೆಸರು. ಅವಳಜ್ಜಿ ಇಟ್ಟದ್ದು. ಬೆಳಿಗ್ಗೆ ಕಣ್ಣು ಬಿಟ್ಟಾಗ ಕುಯ್ಯಲು ಶುರು ಮಾಡಿದರೆ ನಿದ್ದೆ ಹತ್ತುವವರೆಗೂ ನಿಲ್ಲಿಸುವುದಿಲ್ಲವಂತೆ. ಇದನ್ನು ಕೇಳಿದಾಗ ನಾನು, ಬೇರೆ ಯಾವುದೋ ಮಗುವಿನ ಬಗ್ಗೆ ಹೇಳುತ್ತಿದ್ದಾರೆಂದುಕೊಂಡೆ. ನನ್ನ ತರಗತಿಯಲ್ಲಿ ಈ ಪಿಟೀಲಿಗೆ ತಂತಿಯೇ ಇರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ತನ್ನ ಬೂಟಿನ ತುದಿಯನ್ನು ನೋಡುವಳು. ಕೂರು ಎಂದರೆ ಕೂರುವಳು.

ಅವಳಮ್ಮನದು ಶಾಲೆಯ ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ. ಒಂದು ಸಂಜೆ ಹೋಗಿ, ಮಗು ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ, ಸ್ವಲ್ಪ ದಿನ ಮನೆಮಾತಿನಲ್ಲೇ ಪಾಠ ವಿವರಿಸಲೇ ಎಂದು ಕೇಳಿದೆ. ಆಕೆ ಯಾರದೋ ಅಂಗಿಯ ಕಾಲರಿನ ಮೇಲೆ ನೀರು ಚಿಮುಕಿಸುತ್ತಿದ್ದವರು ಕೈ ನಿಲ್ಲಿಸಿದರು.

‘ನಮ್ಮ ಮಾತನ್ನ ನಾನೇ ಕಲಿಸ್ತೀನಿ ಮೇಡಂ, ಅದಕ್ಕೆ ಸ್ಕೂಲ್ ಯಾಕೆ? ದೊಡ್ಡೋರ ಮಕ್ಳು ಆಡೋ ಭಾಷೆ ಇವ್ಳಿಗೂ ಬರ್ಲಿ ಅಂತ ತಾನೇ ಕಳಿಸೋದು. ನೀವು ಅದನ್ನೇ ಬಿಟ್ರೆ ಹೇಗೆ?’

ನಾನು ಪೆಚ್ಚುಮೋರೆ ಹಾಕಿಕೊಂಡು ಬಂದೆ. ಒಳ್ಳೆಯ ಉದ್ದೇಶವಿಟ್ಟುಕೊಂಡು ಹೋದವರಿಗೆ ಹೀಗೆ ಉಗಿಸಿಕೊಳ್ಳುವುದು ಸಲೀಸಲ್ಲ. ಆದರೆ ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಭಾಷೆ ಬೇಡ ಎಂದು ನಾನೂ ಹೇಳುತ್ತಿಲ್ಲ, ಮಾನ್ಯರೇ. ಬೇಕೇ ಬೇಕು. ಅಟ್ಟಕ್ಕೆ ಹತ್ತಬೇಕು ಎನ್ನುವುದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಏಣಿಯನ್ನು ಮುಟ್ಟಬಾರದು ಎಂದು ಸುತ್ತೋಲೆ ಬಂದರೆ ಹತ್ತುವುದು ಹೇಗೆ, ಅಷ್ಟೇ ನಮ್ಮ ಪ್ರಶ್ನೆ.

ತಪಾಸಣೆಯ ದಿನ ತಮ್ಮ ಅಧಿಕಾರಿಗಳು ಸಮಯಕ್ಕೆ ಸರಿಯಾಗಿ ಬಂದರು. ಸಭ್ಯ ಮನುಷ್ಯ, ಬಿಳಿಯ ಅಂಗಿ, ಅಂಗಿಗಿಂತ ದಪ್ಪನೆಯ ಫೈಲು. ನನ್ನ ತರಗತಿಯಲ್ಲಿ ಮಕ್ಕಳು ‘ಇದು ಕಿಟಕಿ, ಕಿಟಕಿ ತೆರೆದಿದೆ, ಇದು ಬಾಗಿಲು, ಬಾಗಿಲು ಮುಚ್ಚಿದೆ’ ಎಂಬ ಪಾಠವನ್ನು ಬೋಧನಾ ಭಾಷೆಯಲ್ಲಿ ಒಕ್ಕೊರಲಿನಿಂದ ಒಪ್ಪಿಸಿದರು. ಅವರು ತಲೆದೂಗಿದರು. ಆಮೇಲೆ ಪಿಟೀಲನ್ನು ಎಬ್ಬಿಸಿ, ನಿನ್ನ ತಾಯಿ ಏನು ಕೆಲಸ ಮಾಡುತ್ತಾರೆ ಎಂದು ಅದೇ ಭಾಷೆಯಲ್ಲಿ ಕೇಳಿದರು. ಅವಳು ಬೂಟಿನ ತುದಿ ನೋಡಿದಳು. ಇಸ್ತ್ರಿಗೆ ಆ ಭಾಷೆಯಲ್ಲಿ ಏನೆನ್ನುತ್ತಾರೆಂದು ಅವಳ ಪಾಠದಲ್ಲಿ ಬಂದಿಲ್ಲ. ಅಧಿಕಾರಿಗಳು ಫೈಲು ತೆರೆದು ಏನೋ ಗೀಚಿದರು. ‘ಮಂದಗತಿ’ ಎಂಬ ಪದ ಹುಟ್ಟಿದ್ದು ಆ ಗಳಿಗೆಯಲ್ಲೇ ಇರಬೇಕು.

ಬಳಿಕ ಅವರು ಸಿಬ್ಬಂದಿಯ ಶೌಚಾಲಯ ಎಲ್ಲಿ ಎಂದು ವಿಚಾರಿಸಿ ಹೋದರು.

ಈ ಶೌಚಾಲಯದ ಬಾಗಿಲಿನ ಬಗ್ಗೆ ತಮ್ಮ ಕಚೇರಿಗೆ ಹಲವು ಮನವಿಗಳು ಬಂದಿವೆ, ತಾವು ಬಲ್ಲಿರಿ. ಹೊರಗಿನ ಹಿಡಿ ಕಿತ್ತುಹೋಗಿ ಎಷ್ಟೋ ಕಾಲವಾಯಿತು. ಒಳಗಿನ ಹಿಡಿಯನ್ನು ಮೇಲಕ್ಕೆತ್ತಿ ಆಮೇಲೆ ಎಳೆಯಬೇಕು. ಬರೀ ಎಳೆದರೆ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ. ಶಾಲೆಯ ಮಕ್ಕಳಾದಿಯಾಗಿ ಎಲ್ಲರಿಗೂ ಇದು ಗೊತ್ತು. ಬಂದವರಿಗೆ ಹೇಳುವುದನ್ನು ಗಡಿಬಿಡಿಯಲ್ಲಿ ಮರೆತೆವು. ಒಳಗಿದ್ದ ಬಲ್ಬು ಬೇರೆ ಹಿಂದಿನ ದಿನವೇ ಹೋಗಿತ್ತು.

ಪಿಟೀಲು ನೀರು ಕುಡಿಯಲು ಹೊರಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಓಡಿಬಂದು ನನ್ನ ಮೇಜಿನ ಮುಂದೆ ನಿಂತಳು. ಮಕ್ಕಳ ಎದೆಗೆ ‘ನಾನು ಬೋಧನಾ ಭಾಷೆಯಲ್ಲೇ ಮಾತಾಡುತ್ತೇನೆ’ ಎಂಬ ಬಿಲ್ಲೆ ಚುಚ್ಚಿದ್ದೆವು. ಅವಳು ಅದನ್ನೊಮ್ಮೆ ಮುಟ್ಟಿಕೊಂಡು ಆ ಭಾಷೆಯಲ್ಲಿ, ‘ಇದು ಬಾಗಿಲು. ಬಾಗಿಲು ಮುಚ್ಚಿದೆ’ ಎಂದಳು.

ವರ್ಷವೆಲ್ಲಾ ಬಾಯಿ ಬಿಡದ ಹುಡುಗಿ ಎರಡು ಪೂರ್ತಿ ವಾಕ್ಯ ಆಡಿದ್ದಾಳೆ! ನನಗಾದ ಸಂತೋಷ ಹೇಳತೀರದು. ಭೇಷ್ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿ ಎಂದೆ. ತಟ್ಟಿದರು. ಅವಳು ಅಲ್ಲಾಡದೆ ಅಲ್ಲೇ ನಿಂತಿದ್ದಳು. ಮತ್ತೆ ಹೇಳಿದಳು: ‘ಇದು ಮನುಷ್ಯ. ಮನುಷ್ಯ ಮುಚ್ಚಿದೆ.’ ವ್ಯಾಕರಣ ತಪ್ಪಿದರೂ ಪ್ರಯತ್ನ ಮೆಚ್ಚತಕ್ಕದ್ದೆಂದು ಇನ್ನೊಮ್ಮೆ ಚಪ್ಪಾಳೆ ತಟ್ಟಿಸಿದೆ. ಆಗ ಅವಳ ಕಣ್ಣಿಂದ ನೀರು ಇಳಿಯಿತು. ನಾನು ನೆಲಕ್ಕೆ ಮಂಡಿಯೂರಿ, ಸುತ್ತೋಲೆಯನ್ನೂ ಅದರ ಕ್ರಮಸಂಖ್ಯೆಯನ್ನೂ ಮರೆತು, ‘ಏನಾಯ್ತು ಪುಟ್ಟಿ?’ ಎಂದು ಕೇಳಿದೆ.

ಕಟ್ಟೆಯೊಡೆಯಿತು.

‘ಮೇಡಂ, ಆ ಫೈಲ್ ಸರ್ ಒಳಗೆ ಸಿಕ್ಕಾಕ್ಕೊಂಡಿದಾರೆ. ಬಾಗ್ಲು ಬಡೀತಿದಾರೆ, ಅಮ್ಮಾ ಅಂತ ಕೂಗ್ತಿದಾರೆ. ಹಿಡಿ ಮೇಲಕ್ಕೆ ಎತ್ತಿ ಅಂತ ಹೇಳೋಣ ಅಂದ್ರೆ, ಎತ್ತು ಅನ್ನೋದಕ್ಕೆ ಆ ಭಾಷೇಲಿ ಏನಂತಾರೆ ನಂಗೊತ್ತಿಲ್ಲ. ನಮ್ಮ ಮಾತಲ್ಲಿ ಹೇಳಿದ್ರೆ ನಿಮ್ಗೆ ಬೈತಾರೆ ಅಂತ ಹೇಳ್ಲಿಲ್ಲ.’

ನಾನು ಪಡಸಾಲೆಯ ತುದಿಯ ಶೌಚಾಲಯಕ್ಕೆ ಓಡಿದೆ, ಮಕ್ಕಳೂ ಬೆನ್ನಿಗೇ ಬಂದರು. ಮುಖ್ಯೋಪಾಧ್ಯಾಯಿನಿಯವರು ಆಗಲೇ ಅಲ್ಲಿದ್ದರು. ತಪಾಸಣೆಯ ದಿನವಾದ್ದರಿಂದ ಅವರು ಬಾಗಿಲಿಗೆ ಬಾಯಿಟ್ಟು ಬೋಧನಾ ಭಾಷೆಯಲ್ಲೇ, ‘ದಯಮಾಡಿ ಹಿಡಿಕೆಯನ್ನು ಊರ್ಧ್ವಮುಖವಾಗಿ ಚಲಾಯಿಸಿರಿ’ ಎಂಬರ್ಥದ ವಾಕ್ಯವನ್ನು ಪುನರುಚ್ಚರಿಸುತ್ತಿದ್ದರು. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಒಳಗಿನವರು ಮಾತ್ರ ಇನ್ನೂ ಜೋರಾಗಿ ಎಳೆಯುತ್ತಿದ್ದರು. ‘ಯಾರಾದ್ರೂ ಇದೀರಾ? ಉಸಿರು ಕಟ್ತಾ ಇದೆ, ಬಾಗ್ಲು ತೆಗೀರಪ್ಪಾ’ ಎಂಬ ಕೂಗು ಬರುತ್ತಿತ್ತು. ಅಪ್ಪಟ ಮನೆಮಾತಿನಲ್ಲಿ. ಹೌದು ಮಾನ್ಯರೇ, ಮೊದಲು ನಿಯಮ ಮುರಿದವರು ನಾನಲ್ಲ. ಆದರೆ ಅದನ್ನು ನಾನು ಅವರ ಮೇಲಿನ ಆರೋಪವಾಗಿ ಎತ್ತುತ್ತಿಲ್ಲ. ಆ ದನಿಯಲ್ಲಿ ನಿಜವಾದ ಭಯವಿತ್ತು. ಕತ್ತಲ ಕೋಣೆಯಲ್ಲಿ ಉಸಿರುಗಟ್ಟುವ ಮನುಷ್ಯ ಯಾವ ಭಾಷೆಯಲ್ಲಿ ಕೂಗಬೇಕೆಂದು ಯಾರೂ ಆದೇಶ ಹೊರಡಿಸಲಾರರು.

ನಾನು ಮುಖ್ಯೋಪಾಧ್ಯಾಯಿನಿಯವರನ್ನು ಪಕ್ಕಕ್ಕೆ ಸರಿಸಿ, ತಾವು ನೋಟಿಸಿನಲ್ಲಿ ಉಲ್ಲೇಖಿಸಿರುವ ಗಟ್ಟಿದನಿಯಲ್ಲಿ ಹೇಳಿದೆ:

‘ಸರ್, ಎಳೀಬೇಡಿ. ಕೈ ಬಿಡಿ. ನಾವಿಲ್ಲೇ ಇದೀವಿ. ಈಗ ಹಿಡಿ ಮೇಲಕ್ಕೆ ಎತ್ತಿ. ಎತ್ತಿದ್ರಾ? ಹಾಗೇ ನಿಮ್ಮ ಕಡೆ ಎಳ್ಕೊಳ್ಳಿ.’

ಬಾಗಿಲು ತೆರೆಯಿತು. ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಅವರು ನನ್ನ ಕೈ ಹಿಡಿದುಕೊಂಡು, ಪುಣ್ಯ ಬರಲಿ ತಾಯಿ ಎಂದರು. ನಾವು ಕುರ್ಚಿ ಕೊಟ್ಟು, ನೀರು ಕೊಟ್ಟು, ಗಾಳಿ ಬೀಸಿದೆವು. ಅವರು ಸುಧಾರಿಸಿಕೊಂಡರು. ತಲೆ ಬಾಚಿಕೊಂಡರು. ಫೈಲು ತೆಗೆದುಕೊಂಡರು. ಅದರಲ್ಲಿ ಏನು ಬರೆದರೆಂಬುದು ತಮ್ಮ ನೋಟಿಸಿನಿಂದ ತಿಳಿಯಿತು. ಮುಚ್ಚಿದ ಬಾಗಿಲಿನ ಪ್ರಸ್ತಾಪವೇ ಇಲ್ಲದ್ದು ನೋಡಿ ಮೊದಲು ನಗು ಬಂತು. ಜೊತೆಗಿದ್ದ ಆ ಹುಡುಗಿಯ ಮೇಲಿನ ಆದೇಶ ಓದಿದ ಮೇಲೆ ನಗು ಬರಲಿಲ್ಲ. ಆ ದಿನ ಶಾಲೆಯಲ್ಲಿ ಅವರ ಕೂಗನ್ನು ಕೇಳಿಸಿಕೊಂಡು ನನ್ನ ಬಳಿಗೆ ಓಡಿಬಂದವಳು ಅವಳು. ನಾನು ಬೈಸಿಕೊಳ್ಳಬಾರದೆಂದು ತನ್ನ ನಾಲಿಗೆಯನ್ನು ಕಟ್ಟಿಹಾಕಿಕೊಂಡವಳೂ ಅವಳೇ. ಇದು ಮಂದಗತಿಯೇ? ಹಾಗಿದ್ದರೆ ಎರಡು ಸಲ ಚಪ್ಪಾಳೆ ತಟ್ಟಿಸಿದ ನನ್ನ ಗತಿಗೆ ಏನೆನ್ನಬೇಕು? ನನ್ನನ್ನು ಯಾವ ಕಟ್ಟಡಕ್ಕೆ ಕಳಿಸುತ್ತೀರಿ?

ಇದಾದ ಮೇಲೆ ತಾವು ಮುಖ್ಯೋಪಾಧ್ಯಾಯಿನಿಯವರಿಗೆ ಫೋನು ಮಾಡಿ ಬೈದಿರೆಂದೂ, ಬೈಗುಳ ಬಹಳ ಸೊಗಸಾದ ಮನೆಮಾತಿನಲ್ಲಿತ್ತೆಂದೂ ಕೇಳಿದೆ. ಒಂದೊಂದು ಪದವೂ ಚೆನ್ನಾಗಿ ಅರ್ಥವಾಯಿತೆಂದು ಅವರು ಹೇಳಿದರು. ನಾನು ಈ ಪತ್ರವನ್ನು ಅದೇ ಭಾಷೆಯಲ್ಲಿ ಬರೆಯುವ ಧೈರ್ಯ ಮಾಡಿದ್ದು ಅದರಿಂದಲೇ.

ಮತ್ತೊಂದು ಸಂಜೆ ಇಸ್ತ್ರಿ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಪಿಟೀಲಿನಮ್ಮ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರತ್ಯೇಕ ವಿಭಾಗದ ಮಾತು ಬಂದಾಗ ನಗು ನಿಂತಿತು. ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡು, ‘ನೀವು ಯಾವ ಮಾತಲ್ಲಾದ್ರೂ ಹೇಳಿಕೊಡಿ ಮೇಡಂ. ಆದ್ರೆ ಕೊನೇಗೆ ಆ ಭಾಷೆ ಅವ್ಳಿಗೆ ಬರ್ಬೇಕು. ಅಷ್ಟು ಮಾತ್ರ ನಂಗೆ ಮಾತು ಕೊಡಿ’ ಎಂದರು. ನಾನು ಕೊಟ್ಟೆ. ತಮ್ಮ ಸುತ್ತೋಲೆಗಿಂತ ಕಟ್ಟುನಿಟ್ಟಾದ ಷರತ್ತು ಅದು.

ಈಗ ನನ್ನ ತರಗತಿಯಲ್ಲಿ ನಡೆಯುತ್ತಿರುವುದನ್ನೂ ತಮ್ಮ ಫೈಲಿಗೆ ಸೇರಿಸಿಬಿಡಿ. ಮಕ್ಕಳು ಮೊದಲು ಹೇಳಬೇಕಾದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಆಮೇಲೆ ಅದನ್ನೇ ಆ ಭಾಷೆಗೆ ದಾಟಿಸಲು ಎಲ್ಲರೂ ಸೇರಿ ಹೆಣಗುತ್ತೇವೆ. ಇಸ್ತ್ರಿ, ಬೆವರು, ಸಿಕ್ಕಿಹಾಕಿಕೊಳ್ಳುವುದು ಮುಂತಾದ ಪದಗಳು ಪಠ್ಯಕ್ಕಿಂತ ಮೊದಲೇ ಬಂದಿವೆ. ತರಗತಿಯಲ್ಲಿ ಗಲಾಟೆ ಹೆಚ್ಚಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಗಣಿತದ ಮೇಷ್ಟ್ರು ಎರಡು ಸಲ ಬಂದು ಗದರಿದರು. ಮೂರನೆಯ ಸಲ ಬಂದವರು ಹಿಂದಿನ ಬೆಂಚಿನಲ್ಲಿ ಕೂತು ಗಂಟೆ ಹೊಡೆಯುವವರೆಗೂ ಕೇಳಿದರು. ಹೊರಡುವಾಗ, ‘ನಾನಿನ್ನೂ ಪೂರ್ತಿ ಒಪ್ಪಿಲ್ಲ. ಆದ್ರೆ ಯಾರೂ ಯಾರನ್ನೂ ನೋಡಿ ನಗ್ಲಿಲ್ಲ, ಅಲ್ವಾ?’ ಎಂದರು. ನಗಲಿಲ್ಲ ಎಂದೆ.

ಕಳೆದ ವಾರ ಪಿಟೀಲು ತಾನಾಗಿಯೇ ಎದ್ದು ನಿಂತಳು. ಯಾರೂ ಪ್ರಶ್ನೆ ಕೇಳಿರಲಿಲ್ಲ. ಬೋಧನಾ ಭಾಷೆಯಲ್ಲಿ, ಪಠ್ಯದ ಯಾವ ಪುಟದಲ್ಲೂ ಇಲ್ಲದ ವಾಕ್ಯವೊಂದನ್ನು ತಡೆತಡೆದು ಜೋಡಿಸಿದಳು: ‘ಮೇಡಂ, ನೀವು ಬೇಗ ಮಾತಾಡುತ್ತೀರಿ. ನನಗೆ ಕಷ್ಟ. ನಿಧಾನ ಮಾತಾಡಿ.’ ಅವಳು ಆ ಭಾಷೆಯಲ್ಲಿ ಸ್ವಂತವಾಗಿ ಆಡಿದ ಮೊದಲ ಮಾತೇ ನನ್ನ ಮೇಲಿನ ದೂರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ. ನಾನು ಕ್ಷಮೆ ಕೇಳಿ, ಪಾಠವನ್ನು ಮೊದಲಿನಿಂದ ಶುರು ಮಾಡಿದೆ.

ಆದ್ದರಿಂದ ಮಾನ್ಯರೇ, ನನ್ನ ಮೇಲಿನ ಶಿಸ್ತುಕ್ರಮವನ್ನು ತಮ್ಮ ಚಿತ್ತಕ್ಕೆ ಬಿಡುತ್ತೇನೆ. ಆದರೆ ಆ ಮಗುವಿನ ಮೇಲಿನ ಆದೇಶವನ್ನು ರದ್ದು ಮಾಡಲೇಬೇಕು. ‘ಮಂದಗತಿ’ ಎಂಬ ಪದವನ್ನು ತಮ್ಮ ದಾಖಲೆಯಿಂದ ಹೊಡೆದುಹಾಕಿ, ಹಾಗೆ ಮಾಡಿದ್ದೇವೆಂದು ಅವಳ ತಾಯಿಗೆ ಬರೆದು ತಿಳಿಸಬೇಕು. ಇನ್ನೊಂದು ಸುತ್ತೋಲೆ ಹೊರಡಿಸುವ ಮುನ್ನ ತಾವೇ ಒಂದು ದಿನ ಬಂದು ನನ್ನ ತರಗತಿಯಲ್ಲಿ ಕೂರಬೇಕು. ಬೆಂಚು ಚಿಕ್ಕದು, ಮಂಡಿ ನೋಯುತ್ತದೆ. ಮಕ್ಕಳು ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು. ನಮ್ಮಲ್ಲಿ ಅದಕ್ಕೆ ಯಾರನ್ನೂ ಹಿಂದಿನ ಕಟ್ಟಡಕ್ಕೆ ಕಳಿಸುವುದಿಲ್ಲ.

ಇಂತಿ,
ಶಿಸ್ತುಕ್ರಮದ ದಾರಿ ಕಾಯುತ್ತಾ, ನಿಧಾನವಾಗಿ ಮಾತಾಡಲು ಕಲಿಯುತ್ತಿರುವ
ಮೂರನೇ ತರಗತಿಯ ಮೇಡಂ