ಆಯ್ತು, ಮಾಡುವ

ಸಾನಪಾಡಾ, ನವಿ ಮುಂಬಯಿ
8 ಫೆಬ್ರವರಿ 2025, ಶನಿವಾರ

ಪ್ರೀತಿಯ ವಾರಿಜಾ,

ಅಮ್ಮನಿಗೆ ನನ್ನ ಅಪ್ಪ ಬರೆಯುತ್ತಿದ್ದ ಹಾಗೆ ‘ಚಿ. ಸೌ.’ ಎಂದು ಶುರು ಮಾಡಿದರೆ ನೀನು ಹುಬ್ಬಳ್ಳಿಯಲ್ಲಿ ಕೂತು ನಗುತ್ತೀ ಎಂದು ಗೊತ್ತಿದ್ದೇ ಹೆಸರು ಹಿಡಿದು ಬರೆದಿದ್ದೇನೆ. ನಿನ್ನ ಸೊಂಟ ಹೇಗಿದೆ? ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಮೀಯಿಸುವುದು ಈಗಲೂ ನೀನೇ ಅಂತೆ. ನಿನ್ನ ಮಗಳು ಅಪರ್ಣಾ ಮೆಂತ್ಯದ ಗಂಜಿ ಕುಡಿಯುತ್ತಾಳಾ, ಅಥವಾ ಫೋನಿನಲ್ಲಿ ಓದಿಕೊಂಡು ಬಾಣಂತನದ ಪಾಠವನ್ನು ನಿನಗೇ ಹೇಳುತ್ತಾಳಾ? ನಾನು ಮಾತ್ರೆ ತಪ್ಪಿಸಿಲ್ಲ. ಬಿ.ಪಿ. ಹದದಲ್ಲಿದೆ, ಹಾಗಂತ ಮೆಷಿನ್ನು ಹೇಳುತ್ತದೆ. ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡ. ನಿನ್ನ ಕಡೆ ಅಪರ್ಣಾ ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ, ಹಿಂದಿನಿಂದ ಅಳಿಯಂದಿರು ‘ಮಾವಾರ, ಊಟ ಆತೇನ್ರಿ?’ ಎನ್ನುತ್ತಾರೆ. ನನ್ನ ಕಡೆ, ಈ ಎರಡು ಕೋಣೆಯ ಮನೆಯಲ್ಲಿ ನಾನು ಕೆಮ್ಮಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಹಾಂ, ಅಳಿಯಂದಿರು ಮೊನ್ನೆ ಫೋನು ಮಾಡಿದ್ದರು. ನೀನು ಮಳೆಗಾಲ ಮುಗಿಯುವ ತನಕ ಅಲ್ಲೇ ಇದ್ದರೆ ಅಪರ್ಣಾ ಕೆಲಸಕ್ಕೆ ಹೋಗಬಹುದು, ನಿಮ್ಮ ಒಪ್ಪಿಗೆ ಉಂಟಾ ಎಂದು ಕೇಳಿದರು. ಆಯ್ತು, ಇರಲಿ ಎಂದೆ. ನಿನಗೆ ಆಗಲೇ ಹೇಳಿರುತ್ತಾರೆ.

ಇನ್ನು ಇಲ್ಲಿಯ ಸುದ್ದಿ. ನಿಶಾಳ ಕೈಯ ಪ್ಲಾಸ್ಟರ್ ಬಿಚ್ಚಲು ಇನ್ನೂ ಸಮಯ ಬೇಕಂತೆ. ಆ ನಾಲ್ಕು ಚಕ್ರದ ಹಲಗೆಯ ಮೇಲೆ ನಿಂತು ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಹೋಗುವಾಗ ಟೆಂಪೋ ಅಡ್ಡ ಬಂದು ಬಿದ್ದದ್ದು ನೀನು ಹೊರಡುವ ಮೊದಲೇ ಆಯಿತಲ್ಲ. ಆಮೇಲಿನದು ನಿನಗೆ ಗೊತ್ತಿಲ್ಲ. ನಿನ್ನ ಮಗ ಸಾತ್ವಿಕ ಹಲಗೆಯನ್ನು ಅಟ್ಟಕ್ಕೆ ಹಾಕಿ ಬೀಗ ಜಡಿದಿದ್ದಾನೆ. ರಸ್ತೆಯಲ್ಲಿ ಇನ್ನು ಇಲ್ಲವೇ ಇಲ್ಲ, ಎಲ್ಲಾದರೂ ಸರಿಯಾದ ಜಾಗ ಆದರೆ ನೋಡುವ, ಆಗದಿದ್ದರೆ ಹಲಗೆ ಹಳೆ ಸಾಮಾನಿನ ಭಂಗಾರಿಯವನಿಗೆ ಎಂದಿದ್ದಾನೆ. ಅವನದೂ ತಪ್ಪಲ್ಲ, ಅಪ್ಪನ ಕರುಳು. ಆದರೆ ಹುಡುಗಿ ಸ್ಕೂಲು, ಟ್ಯೂಷನ್ನು ಬಿಟ್ಟರೆ ಮನೆಯೇ. ಸಂಜೆ ಕಿಟಕಿಯ ಗ್ರಿಲ್ಲಿನೊಳಗೆ ನಿನ್ನ ತುಳಸಿ ಕುಂಡದ ಪಕ್ಕದಲ್ಲಿ ಕಾಲು ಮಡಚಿ ಕೂತು ಕೆಳಗಿನ ಖಾಲಿ ಪ್ಲಾಟನ್ನು ನೋಡುತ್ತಿರುತ್ತಾಳೆ. ಮೊಣಕಾಲು ಹಿಡಿದ ದಿನ ನಾನೂ ಅವಳ ಜೊತೆ ಅಲ್ಲೇ. ಕೆಳಗಿನಿಂದ ನೋಡಿದವರಿಗೆ ಒಂದೇ ಪಂಜರದಲ್ಲಿ ಒಂದು ಮರಿಯೂ ಒಂದು ಮುದಿ ಹಕ್ಕಿಯೂ ಕಾಣಿಸುತ್ತಿರಬೇಕು.

ಆ ಪ್ಲಾಟಿನದೇ ರಾಮಾಯಣ. ಮರದ ಕೆಳಗೆ ನಾವು ಮುದುಕರು ಸಂಜೆ ಕೂರುವ ಕಟ್ಟೆ ಉಂಟಲ್ಲ, ಅದು ಬಿಟ್ಟು ಉಳಿದದ್ದೆಲ್ಲ ಕಸ, ಮುಳ್ಳು. ಅಲ್ಲಿ ಪಾಲಿಕೆಯವರು ಮಕ್ಕಳಿಗೆ ಹಲಗೆ ಓಡಿಸಲು ಸ್ಕೇಟ್‌ಪಾರ್ಕ್ ಮಾಡುತ್ತಾರಂತೆ, ಜನರ ಅಭಿಪ್ರಾಯ ಕೇಳಿಯೇ ನಕ್ಷೆ ಹಾಕುತ್ತಾರಂತೆ ಎಂದು ಸುದ್ದಿ ಬಂತು. ಮಾರನೆಯ ದಿನವೇ ನಮ್ಮ ಕಟ್ಟೆಯ ಜೊತೆಗಾರ ಶ್ರೀನಿ ಮನೆಗೆ ಬಂದರು. ಬೆಂಗಳೂರಿನವರ ಮಾತು ನಿನಗೆ ಗೊತ್ತಲ್ಲ, ಬೆಣ್ಣೆ. ‘ರಾಯರೇ, ಹಿರಿಯರ ಪರವಾಗಿ ನೀವೇ ಮಾತಾಡ್ಬೇಕು. ಆ ಹಲಗೆಗಳು ಬಂದು ಕಾಲಿಗೆ ಬಡಿದ್ರೆ ಈ ವಯಸ್ಸಲ್ಲಿ ಬಿದ್ದೋರು ಏಳೋದಿಲ್ಲ’ ಎಂದರು. ಅವರ ಹೆದರಿಕೆ ಸುಳ್ಳಲ್ಲ. ನನಗೆ ಎದೆನೋವು ಬಂದ ದಿನ, ಸಾತ್ವಿಕ ಪುಣೆಯಲ್ಲಿದ್ದಾಗ, ರಿಕ್ಷಾದಲ್ಲಿ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದವರು ಅವರು. ನಾನು ಆಯ್ತು, ಮಾಡುವ ಎಂದೆ. ಅದೇ ಸಂಜೆ ನಿಶಾ ತನ್ನ ಗೆಳತಿಯರನ್ನು ಕರೆದುಕೊಂಡು ಬಂದಳು. ‘ಅಜ್ಜಾ, ಹಮಾರಿ ಸೈಡ್ ಸೆ ಆಪ್ ಬೋಲೊ ನಾ, ಬಚ್ಚೋಂಕಿ ಕೌನ್ ಸುನ್ತಾ ಹೈ’ ಎಂದಳು. ಅವರ ಪರವಾಗಿಯೂ ನಾನೇ ಮಾತಾಡಬೇಕಂತೆ; ಮಕ್ಕಳ ಮಾತು ಯಾರು ಕೇಳುತ್ತಾರೆ ಎನ್ನುವುದು ಸತ್ಯವೇ. ಅವಳಿಗೂ ಆಯ್ತು, ಮಾಡುವ ಎಂದೆ. ನೀನು ಹಲ್ಲು ಕಚ್ಚುವುದು ಇಲ್ಲಿಗೆ ಕೇಳಿಸುತ್ತಿದೆ. ಏನು ಮಾಡಲಿ, ಡೊಂಬಿವಲಿ ಹೋಟೆಲಿನ ಗಲ್ಲಾದ ಮೇಲೆ ಮೊದಲ ದಿನ ಕೂರಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು: ಗಲ್ಲಾದಲ್ಲಿ ಕೂತವನ ಬಾಯಲ್ಲಿ ಇಲ್ಲ ಎಂಬ ಶಬ್ದ ಬರಬಾರದು. ವಡೆ ಮುಗಿದಿದ್ದರೂ ‘ಬಿಸಿ ಬರ್ತಾ ಉಂಟು, ಅಷ್ಟರಲ್ಲಿ ಒಂದು ಇಡ್ಲಿ ಕೊಡ್ಲಾ?’ ಎನ್ನಬೇಕು. ಹೋಟೆಲು ಮಾರಿದೆ, ಬಾಯಿಯನ್ನು ಮಾರಲಾಗಲಿಲ್ಲ.

ಸಭೆಯ ದಿನ ಹಾಲ್ ತುಂಬ ಜನ. ನಕ್ಷೆ ಮಾಡುವ ಹುಡುಗಿ ಸೋನಾಲಿ, ನಮ್ಮ ಅಪರ್ಣಾಳ ವಯಸ್ಸು, ಗೋಡೆಗೆ ದೊಡ್ಡ ಚಿತ್ರ ಅಂಟಿಸಿ ಎಲ್ಲರಿಗೂ ಬಣ್ಣದ ಚೀಟಿ ಹಂಚಿದಳು. ಬೇಕೆನ್ನುವವರು ಹಸಿರು, ಬೇಡ ಎನ್ನುವವರು ಕೆಂಪು ಹಚ್ಚಬೇಕು. ನಾನು ಶ್ರೀನಿಯವರ ಕಣ್ಣೆದುರು ಒಂದು ಕೆಂಪು ಹಚ್ಚಿದೆ, ನಿಶಾಳ ಕಣ್ಣೆದುರು ಒಂದು ಹಸಿರು ಹಚ್ಚಿದೆ. ಕೊನೆಯಲ್ಲಿ ಪಾಲಿಕೆ ಕಚೇರಿಯ ಸಾಹೇಬರು, ಹಿರಿಯರಿಂದ ಒಬ್ಬರು, ಮಕ್ಕಳ ಕಡೆಯಿಂದ ಒಬ್ಬರು ಹೆಸರು ಕೊಡಿ, ಮುಂದಿನ ಸಭೆಯಲ್ಲಿ ಅವರ ಒಪ್ಪಿಗೆಯೇ ನಾಗರಿಕರ ಒಪ್ಪಿಗೆ ಎಂದರು. ಈ ಕಡೆಯಿಂದ ಶ್ರೀನಿ ‘ಕಮಲಾಕ್ಷ ರಾವ್’ ಎಂದು ನನ್ನ ಹೆಸರು ಹೇಳಿದರು, ಆ ಕಡೆಯಿಂದ ಮಕ್ಕಳೆಲ್ಲ ‘ನಿಶಾ ಕೆ ಅಜ್ಜಾ’ ಎಂದು ಕೂಗಿದರು. ಹಾಲ್ ನಕ್ಕಿತು. ಸಾಹೇಬರಿಗೆ ಹಬ್ಬ, ಇಬ್ಬರನ್ನು ಒಪ್ಪಿಸುವ ಬದಲು ಒಬ್ಬನನ್ನು ಒಪ್ಪಿಸಿದರೆ ಸಾಕು. ಆಗ ನಾನು ಏನು ಹೇಳಿರಬಹುದು ಎಂದು ನಿನಗೆ ಬರೆದು ತಿಳಿಸಬೇಕಾಗಿಲ್ಲ.

ಅಲ್ಲಿಂದ ಬಂದವಳೇ ನಿಶಾ ನಿನ್ನ ರಂಗೋಲಿ ಡಬ್ಬಿ ತೆಗೆದಳು. ಬಯ್ಯಬೇಡ, ಹುಡಿಯನ್ನು ನಾನು ತಂದಿಡುತ್ತೇನೆ. ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಮನೆಯ ಹಾಲ್‌ನ ನೆಲದ ಮೇಲೆ ಅವರ ಪಾರ್ಕನ್ನು ಬಿಡಿಸಿದಳು. ಒಂದು ಕಡೆ ಬಾಣಲೆಯ ಹಾಗೆ ತಗ್ಗು, ಅದರ ಅಂಚು ದುಂಡಗೆ. ಹೊಸದಾಗಿ ಕಲಿಯುವ ಚಿಕ್ಕವರಿಗೆ ಬೇರೆಯೇ ಸಮತಟ್ಟಾದ ಜಾಗ. ಕಟ್ಟೆಗೂ ಇದಕ್ಕೂ ನಡುವೆ ಗಿಡದ ಸಾಲು, ಹಲಗೆ ಜಾರಿದರೂ ಯಾರ ಕಾಲಿಗೂ ಹೋಗದ ಹಾಗೆ. ಇದು ಯಾಕೆಂದು ಕೇಳಿದರೆ, ‘ಶ್ರೀನಿ ಅಂಕಲ್ ಕೆ ಲಿಯೆ’ ಎಂದಳು. ಶ್ರೀನಿಯವರಿಗಾಗಿ ಅಂತೆ, ವಾರಿಜಾ. ಸೋನಾಲಿ ಮಕ್ಕಳನ್ನು ಕೂರಿಸಿಕೊಂಡು ಹೆಚ್ಚುಕಡಿಮೆ ಇದನ್ನೇ ನಕ್ಷೆ ಮಾಡಿದಳು, ನುಣ್ಣಗೆ ತಿಕ್ಕಿದ ಕಾಂಕ್ರೀಟಿನದು. ಆದರೆ ಕಚೇರಿಯಿಂದ ತಿರುಗಿ ಬರುವಾಗ ಅದರಲ್ಲಿ ತಗ್ಗೂ ಇಲ್ಲ, ಗಿಡದ ಸಾಲೂ ಇಲ್ಲ. ಪೂರ್ತಿ ನೆಲಕ್ಕೆ ಸಂದಿ ಸಂದಿಯ ಕೆಂಪು ಹಳದಿ ಪೇವರ್ ಬ್ಲಾಕು, ಮೂಲೆಯಲ್ಲಿ ಎರಡು ಗಿಡ್ಡ ಇಳಿಜಾರು, ನಡುವೆ ಕಾರಂಜಿ, ಸೆಲ್ಫಿ ತೆಗೆಯಲು ಒಂದು ಕಮಾನು. ನೋಡಲು ಮದುವೆ ಮಂಟಪ. ನಿಶಾ ನೋಡಿ, ‘ಅಜ್ಜಾ, ಪೇವರ್ ಬ್ಲಾಕ್ ಡಾಲಾ ತೊ ಖತಮ್. ಪಹಿಯಾ ಅಟಕೇಗಾ’ ಎಂದಳು. ಚಕ್ರ ಸಿಕ್ಕಿಕೊಳ್ಳುವುದು ಎಂದರೆ ಏನೆಂದು ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿಗೆ ಹೊಸ ಟೈಲ್ಸ್ ಹಾಕಿಸಿದ ವಾರವೇ ಸಾಂಬಾರಿನ ತಳ್ಳುಗಾಡಿ ಸಂದಿಗೆ ಸಿಕ್ಕಿ ಮಗುಚಿದ್ದು, ನೀನು ಬಿಸಿ ಸಾಂಬಾರಿನಲ್ಲಿ ಬರಿಗಾಲಲ್ಲಿ ನಿಂತದ್ದು ಮರೆಯುವ ಸಂಗತಿಯೇ? ಅಲ್ಲಿ ಮಗುಚಿದ್ದು ಸಾಂಬಾರು, ಇಲ್ಲಿ ಮಗುಚುವುದು ಮಕ್ಕಳು.

ನಾಳೆ ಬೆಳಿಗ್ಗೆ ಕೊನೆಯ ಸಭೆ. ನಾನು ಮೈಕಿನ ಮುಂದೆ ನಿಂತು, ನಾಗರಿಕರಿಗೆಲ್ಲ ಈ ನಕ್ಷೆ ಒಪ್ಪಿಗೆ ಎನ್ನಬೇಕು. ಶ್ರೀನಿಯವರಿಗೆ ಖುಷಿಯೋ ಖುಷಿ. ನಿನ್ನೆ ಕಟ್ಟೆಯಲ್ಲಿ ಕಿವಿಯ ಹತ್ತಿರ ಬಾಗಿ, ‘ಮಾಡ್ಲಿ ಬಿಡಿ ರಾಯರೇ, ಎರಡು ತಿಂಗಳು ಬಿದ್ದು ಎದ್ದು ಸುಮ್ನಾಗ್ತಾರೆ. ಆಮೇಲೆ ನಮಗೇ ವಾಕಿಂಗಿಗೆ ಆಯ್ತು’ ಎಂದರು. ನಾನು ತಲೆಯಾಡಿಸಿದೆ. ದಾರಿಯಲ್ಲಿ ಸೋನಾಲಿ ಸಿಕ್ಕಿದಳು. ‘ಕಾಕಾ, ತುಮ್ಹೀ ನಾಹೀ ಮ್ಹಣಾಲಾತ ತರಚ ಕಾಹೀತರೀ ಹೋಈಲ’ ಎಂದಳು. ಜನರ ಕಡೆಯಿಂದ ನಾನು ಬೇಡ ಎಂದರೆ ಮಾತ್ರ ಹಳೆಯ ನಕ್ಷೆಯನ್ನು ಮತ್ತೆ ಮುಂದಿಡಲು ಅವಳಿಗೆ ದಾರಿ. ಅವಳಿಗೂ ತಲೆಯಾಡಿಸಿದೆ. ಆದರೆ ಸಾಹೇಬರು ನನ್ನನ್ನು ಚಹಾಕ್ಕೆ ಕರೆದು, ತಕರಾರು ಬಂದರೆ ಯೋಜನೆಯೇ ರದ್ದು, ಜಾಗ ಪಾರ್ಕಿಂಗಿಗೆ ಹೋಗುತ್ತದೆ, ಕಟ್ಟೆಯೂ ಉಳಿಯುವುದಿಲ್ಲ ಎಂದಿದ್ದಾರೆ. ಹೂಂ ಎಂದರೆ ನಿಶಾಳ ಹಲಗೆ ಭಂಗಾರಿಗೆ. ಇಲ್ಲ ಎಂದರೆ ಇದ್ದ ಒಂದು ಕಟ್ಟೆಯೂ ಹೋಗಿ, ಶ್ರೀನಿಯ ಸ್ನೇಹವೂ ಹೋಗಿ, ಮಕ್ಕಳಿಗೂ ಏನೂ ಸಿಗದೆ ಹೋಗಬಹುದು. ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು. ನೀನಿದ್ದಿದ್ದರೆ ಒಳಗಿನಿಂದಲೇ ‘ಇವರಿಗೆ ಹುಷಾರಿಲ್ಲ, ಬರುವುದಿಲ್ಲ’ ಎಂದು ಬಾಗಿಲು ಹಾಕಿಬಿಡುತ್ತಿದ್ದೆ. ಇಷ್ಟು ವರ್ಷ ನನ್ನ ಬದಲು ಇಲ್ಲ ಎಂದದ್ದೆಲ್ಲ ನೀನೇ, ಜಗಳಗಂಟಿ ಎನಿಸಿಕೊಂಡವಳೂ ನೀನೇ. ಒಳ್ಳೆಯವನೆಂಬ ಹೆಸರು ಮಾತ್ರ ನನಗೆ. ನನಗೆ ಹೆದರಿಕೆಯಾಗುತ್ತಿದೆ ವಾರಿಜಾ. ನಿಶಾ ಈಗ ಪಕ್ಕದಲ್ಲಿ ಕೂತು ನಾಳೆಗೆ ನನ್ನ ಬಿಳಿ ಅಂಗಿಗೆ ಒಂದೇ ಕೈಯಲ್ಲಿ ಇಸ್ತ್ರಿ ಹಾಕುತ್ತಿದ್ದಾಳೆ.

ನಾಳೆ ಭಾನುವಾರ, ಅಂಚೆ ಇಲ್ಲ. ಸೋಮವಾರ ಹಾಕುತ್ತೇನೆ. ಮಗುವಿನ ಅಂಗಾಲಿಗೆ ಅಜ್ಜನದೊಂದು ಮುತ್ತು ಕೊಡು. ಅಪರ್ಣಾಳಿಗೆ ಆಶೀರ್ವಾದ, ಅಳಿಯಂದಿರಿಗೆ ನನ್ನ ನೆನಪು. ಕೊಡಪಾನ ಎತ್ತಬೇಡ.

ಇಂತು ನಿನ್ನ,
ಕಮಲಾಕ್ಷ

ತಾ.ಕ.: ಭಾನುವಾರ ಮಧ್ಯಾಹ್ನ. ಸಭೆ ಮುಗಿಸಿ ಬಂದವನು ಅಂಗಿ ಕೂಡ ಬಿಚ್ಚದೆ ಬರೆಯುತ್ತಿದ್ದೇನೆ. ಮೈಕು ಹಿಡಿದಾಗ ಬಾಯಿಗೆ ಮೊದಲು ಬಂದದ್ದು ಆಯ್ತು ಎಂಬುದೇ. ಶ್ರೀನಿ ಚಪ್ಪಾಳೆಗೆ ಕೈ ಎತ್ತಿಯಾಗಿತ್ತು. ನಾನು ನೀರು ಕುಡಿದೆ. ಆಮೇಲೆ ಇಲ್ಲ ಎಂದೆ. ಕನ್ನಡದಲ್ಲೇ ಬಂತು, ಸಾಹೇಬರಿಗೆ ಅರ್ಥವಾಗದೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಈ ನೆಲದಲ್ಲಿ ಮಕ್ಕಳು ಬೀಳುತ್ತಾರೆ, ಅವರ ಮೊದಲಿನ ನಕ್ಷೆಯೇ ಬೇಕು, ಅದರಲ್ಲಿ ನಮ್ಮ ಕಟ್ಟೆಗೂ ಜಾಗ ಉಂಟು ಎಂದೆ. ಸಾಹೇಬರು ನಕ್ಷೆ ಸುತ್ತಿಕೊಂಡು ‘ಬಘೂಯಾ’ ಎಂದರು. ನೋಡುವ ಎನ್ನುವುದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶ್ರೀನಿ ನನ್ನನ್ನು ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋದರು. ಹಲಗೆ ಇನ್ನೂ ಅಟ್ಟದಲ್ಲೇ ಇದೆ. ನಿಶಾ ರಸ್ತೆ ದಾಟುವಾಗ ನನ್ನ ಕೈ ಹಿಡಿದವಳು ಮನೆಯ ಮೆಟ್ಟಿಲ ತನಕ ಬಿಡಲಿಲ್ಲ.

ಕಾಗದ ಬರೆಯಲು ಕೂತದ್ದೇ ಇದಕ್ಕೆ, ನಿನ್ನೆ ಹೇಳಲು ಧೈರ್ಯ ಬರಲಿಲ್ಲ. ಮಳೆಗಾಲದ ತನಕ ನೀನು ಅಲ್ಲಿರಲು ನಾನು ಆಯ್ತು ಎಂದೆನಲ್ಲ, ಅದು ಗಲ್ಲಾದ ಮಾತು. ಅಳಿಯಂದಿರಿಗೆ ಇಂದು ಸಂಜೆ ನಾನೇ ಫೋನು ಮಾಡಿ ಹೇಳುತ್ತೇನೆ, ನನಗೆ ಒಪ್ಪಿಗೆ ಇಲ್ಲ ಎಂದು. ಮೊಮ್ಮಗುವಿಗಾಗಿ ನಿನಗೇ ಇರಬೇಕೆಂದಿದ್ದರೆ ಇರು, ಬೇಡ ಎನ್ನುವುದಿಲ್ಲ. ಆದರೆ ನಾನು ಆಯ್ತು ಎಂದೆ ಎಂಬ ಕಾರಣಕ್ಕೆ ಇರಬೇಡ. ನೀನಿಲ್ಲದೆ ನನಗೆ ಆಗುವುದಿಲ್ಲ.